ಬೆಣ್ಣೆಹಣ್ಣು ಮತ್ತು ಮನೆಯ ಬೆಕ್ಕು

ಮಂಡ್ಯದ ಓದುಗರೊಬ್ಬರು ಬರೆದಿದ್ದಾರೆ: “ಕೊಡಗಿನಿಂದ ಬಂದ ನೆಂಟರು ತಂದುಕೊಟ್ಟ ಬಟರ್ ಫ್ರೂಟನ್ನು ಜ್ಯೂಸ್ ಮಾಡಲು ಹೆಚ್ಚುತ್ತಿದ್ದಾಗ, ಚಮಚಕ್ಕೆ ಅಂಟಿದ್ದ ತಿರುಳನ್ನು ನಮ್ಮ ಬೆಕ್ಕು ನೆಕ್ಕಿಬಿಟ್ಟಿತು. ಪಕ್ಕದ ಮನೆಯವರು ಅದು ವಿಷವೆಂದರು. ನನ್ನ ತಮ್ಮ ಮಾತ್ರ ಬೆಕ್ಕಿನ ಕೂದಲಿಗೆ ಒಳ್ಳೆಯದು, ದಿನವೂ ಕೊಡು ಎನ್ನುತ್ತಾನೆ. ಮನೆಯಲ್ಲಿ ಎರಡು ಮೇಕೆಗಳೂ ಪಂಜರದಲ್ಲಿ ಲವ್ ಬರ್ಡ್ಸ್ ಕೂಡ ಇವೆ. ಯಾರ ಮಾತು ಕೇಳಲಿ?”

ಸಂಪಾದಕರ ಉತ್ತರ: ಮೊದಲು ನಿಮ್ಮ ಆತಂಕ ಕಳೆಯುವ ಮಾತನ್ನೇ ಹೇಳುತ್ತೇನೆ. ಚೆನ್ನಾಗಿ ಮಾಗಿದ ಹಣ್ಣಿನ ತಿರುಳನ್ನು ಚಮಚದಲ್ಲಿ ಅಂಟಿದಷ್ಟು ನೆಕ್ಕಿದ್ದರಿಂದ ಆರೋಗ್ಯವಾಗಿರುವ ಬೆಕ್ಕಿಗೆ ಕೇಡಾಗುವ ಸಂಭವ ತೀರ ಕಡಿಮೆ. ಹಾಗೆಂದು ನಿಮ್ಮ ನೆರೆಯವರ ಎಚ್ಚರಿಕೆಗೆ ಆಧಾರವಿಲ್ಲವೆಂದಲ್ಲ. ಈ ಗಿಡದಲ್ಲಿ ಪರ್ಸಿನ್ ಎಂಬ ವಿಷವಸ್ತುವಿದೆ. ಅದು ಎಲೆ, ತೊಗಟೆ, ಸಿಪ್ಪೆ ಮತ್ತು ಬೀಜಗಳಲ್ಲಿ ಹೆಚ್ಚಾಗಿಯೂ ಮಾಗಿದ ತಿರುಳಿನಲ್ಲಿ ಕಡಿಮೆಯಾಗಿಯೂ ಇರುತ್ತದೆ. ಬೆಕ್ಕು ನಾಯಿಗಳು ಇದನ್ನು ಇತರ ಅನೇಕ ಪ್ರಾಣಿಗಳಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತವೆ.

ನಿಮ್ಮ ತಮ್ಮನವರ ಸಲಹೆಯನ್ನು ಮಾತ್ರ ನಾನು ಒಪ್ಪಲಾರೆ. 100 ಗ್ರಾಂ ತಿರುಳಿನಲ್ಲಿ ಸುಮಾರು 15 ಗ್ರಾಂ ಕೊಬ್ಬು, 160 ಕ್ಯಾಲೊರಿ ಇರುತ್ತದೆ, ನಾಲ್ಕು ಕೆ.ಜಿ. ತೂಗುವ ಮನೆಬೆಕ್ಕಿಗೆ ಇಡೀ ದಿನಕ್ಕೆ ಬೇಕಾಗುವುದೇ ಹೆಚ್ಚುಕಡಿಮೆ 200 ಕ್ಯಾಲೊರಿ. ಇಷ್ಟು ಕೊಬ್ಬು ಒಮ್ಮೆಲೇ ಹೊಟ್ಟೆಗೆ ಹೋದರೆ ವಾಂತಿಭೇದಿಯಾಗಬಹುದು, ಕೆಲವೊಮ್ಮೆ ಮೇದೋಜೀರಕ ಗ್ರಂಥಿಗೂ ಉರಿಯೂತ ತಗಲಬಹುದು. ಬೆಕ್ಕು ಮಾಂಸಾಹಾರಕ್ಕೇ ಹುಟ್ಟಿದ ಪ್ರಾಣಿ. ಅದರ ಕಣ್ಣಿಗೂ ಹೃದಯಕ್ಕೂ ಬೇಕಾದ ಟಾರಿನ್ ಎಂಬ ಪೋಷಕಾಂಶ ಮಾಂಸ ಮೀನುಗಳಿಂದ ದೊರೆಯುತ್ತದೆಯೇ ಹೊರತು ಹಣ್ಣಿನಿಂದಲ್ಲ. ಸಿಹಿಯ ರುಚಿಯೂ ಅದಕ್ಕೆ ತಿಳಿಯದು. ಆ ರುಚಿಯನ್ನು ಗುರುತಿಸುವ ಜೀನ್ ಬೆಕ್ಕಿನ ಜಾತಿಯಲ್ಲಿ ಕೆಟ್ಟಿದೆಯೆಂದು 2005ರಲ್ಲಿ ವಿಜ್ಞಾನಿಗಳು ತೋರಿಸಿದರು. ನಿಮ್ಮ ಬೆಕ್ಕನ್ನು ಚಮಚದ ಬಳಿಗೆ ಸೆಳೆದದ್ದು ಬಹುಶಃ ಬೆಣ್ಣೆಯಂಥ ಆ ಜಿಡ್ಡು. ಈರುಳ್ಳಿ, ಬೆಳ್ಳುಳ್ಳಿ ಸೇರಿಸಿ ಕಲಸಿದ ತಿರುಳಾದರೆ ಒಂದು ಚೂರನ್ನೂ ಕೊಡಬೇಡಿ, ಏಕೆಂದರೆ ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನೇ ನಾಶಮಾಡುತ್ತವೆ.

ಹಣ್ಣು ಹೆಚ್ಚಿದ ಮೇಲೆ ಬೀಜದ ಮೇಲೆ ಕಣ್ಣಿಡಿ. ಗುಂಡಗೆ, ನುಣ್ಣಗೆ, ಜಾರುತ್ತಾ ನೆಲದ ಮೇಲೆ ಉರುಳುವ ಆ ಬೀಜವನ್ನು ಕಂಡರೆ ಯಾವ ಬೆಕ್ಕೂ ಪಂಜದಿಂದ ತಟ್ಟಿ ಆಡದೆ ಬಿಡುವುದಿಲ್ಲ. ಇಡೀ ಬೀಜ ಅದರ ಬಾಯಿಗೆ ದೊಡ್ಡದಾದರೂ ಕಚ್ಚಿ ಒಡೆದ ತುಂಡು ಗಂಟಲಲ್ಲೋ ಕರುಳಲ್ಲೋ ಸಿಕ್ಕಿಕೊಳ್ಳಬಹುದು. ಬೀಜ, ಸಿಪ್ಪೆ ಅಥವಾ ಎಲೆ ತಿಂದ ಬೆಕ್ಕು ಮತ್ತೆ ಮತ್ತೆ ವಾಂತಿ ಮಾಡಿದರೆ, ಮಂಕಾಗಿ ಮೂಲೆ ಹಿಡಿದರೆ, ಒಂದು ದಿನ ಊಟ ಬಿಟ್ಟರೆ ತಡಮಾಡದೆ ಪಶುವೈದ್ಯರಲ್ಲಿಗೆ ಕರೆದೊಯ್ಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಪ್ರಯತ್ನ ಬೇಡ. ಅದರಿಂದಲೇ ಅಪಾಯ ಹೆಚ್ಚು.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದ್ದು ಬೆಕ್ಕಲ್ಲ, ಕೊನೆಗೆ ಹೇಳಿರುವ ಮೇಕೆಗಳು ಮತ್ತು ಹಕ್ಕಿಗಳು. ಬೆಣ್ಣೆಹಣ್ಣಿನ ಎಲೆ ತಿಂದ ಮೇಕೆಗಳಿಗೆ ಕೆಚ್ಚಲು ಬಾತು ಹಾಲು ಕಡಿಮೆಯಾಗುತ್ತದೆ, ಹೆಚ್ಚು ತಿಂದರೆ ಹೃದಯದ ಸ್ನಾಯುವೇ ಘಾಸಿಗೊಳ್ಳುತ್ತದೆ. ಕುರಿ, ದನ, ಕುದುರೆ, ಮೊಲಗಳಿಗೂ ಇದು ಸಲ್ಲದು. ಹಿತ್ತಲಲ್ಲಿ ಈ ಗಿಡ ನೆಟ್ಟವರು, ಸವರಿದ ಸೊಪ್ಪನ್ನು ಮೇವಿನ ಜೊತೆ ಹಾಕುವ ನಮ್ಮ ಕಡೆಯ ರೂಢಿಯನ್ನು ಇದೊಂದು ಗಿಡದ ಮಟ್ಟಿಗೆ ಕೈಬಿಡಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಹಕ್ಕಿಗಳಂತೂ ಎಲ್ಲರಿಗಿಂತ ಸೂಕ್ಷ್ಮ. ನಾವು ಲವ್ ಬರ್ಡ್ಸ್ ಎಂದು ಕರೆಯುವ ಬಜರಿಗರ್ ಗಿಳಿಗಳು ತಿರುಳು ತಿಂದೇ ಉಸಿರಾಟ ಕಷ್ಟವಾಗಿ ಒಂದೆರಡು ದಿನದೊಳಗೆ ಸಾಯಬಹುದು. ಸಿಪ್ಪೆ, ಬೀಜಗಳನ್ನು ಮೇಕೆಗಳಿಗೆ ಸಿಗದ ಕಡೆ ಮುಚ್ಚಿದ ಬುಟ್ಟಿಗೆ ಹಾಕಿ, ಹಣ್ಣು ಹೆಚ್ಚಿದ ಕೈಯನ್ನು ಸೋಪು ಹಚ್ಚಿ ತೊಳೆದ ಮೇಲೆಯೇ ಪಂಜರಕ್ಕೆ ಕಾಳು ಹಾಕಿ.