ಮುಳ್ಳು ಚುಚ್ಚಿದ ಜಾಗಕ್ಕೇ ಬಿಳಿ ರಕ್ತಕಣಗಳು ಬಂದು ಸೇರುವುದು ಹೇಗೆ?

ನಮ್ಮ ಸಿಂಧನೂರು ಕಡೆ ಹೊಲದ ಬದುವಿನಲ್ಲಿ ಬಳ್ಳಾರಿ ಜಾಲಿ ಮುಳ್ಳು ಹಿಮ್ಮಡಿಗೆ ಚುಚ್ಚಿತು ಅನ್ನಿ. ಬೆಳಗಾಗುವಷ್ಟರಲ್ಲಿ ಕೆಂಪಗೆ ಊದಿ, ಮುಟ್ಟಿದರೆ ಬಿಸಿ. ಮುಳ್ಳಿನ ಜೊತೆ ಒಳಹೊಕ್ಕ ಬ್ಯಾಕ್ಟೀರಿಯಾವನ್ನು ಮೊದಲು ಗುರುತಿಸುವುದು ಅಲ್ಲೇ ಠಿಕಾಣಿ ಹೂಡಿರುವ ಮ್ಯಾಕ್ರೋಫೇಜ್ ಎಂಬ ಕಾವಲು ಕಣ. ಅದು ಸೈಟೊಕೈನ್ ಎಂಬ ಪ್ರೋಟೀನುಗಳನ್ನು ಬಿಡುತ್ತದೆ. ಅವುಗಳಿಂದ ಪಕ್ಕದ ರಕ್ತನಾಳದ ಒಳಗೋಡೆ ಅಂಟಂಟಾಗುತ್ತದೆ. ರಭಸದಲ್ಲಿ ಹರಿದುಹೋಗುತ್ತಿದ್ದ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಅಲ್ಲಿ ಉರುಳುತ್ತಾ ನಿಧಾನವಾಗಿ, ಗಟ್ಟಿಯಾಗಿ ಅಂಟಿ, ಗೋಡೆಯ ಸಂದಿಯಲ್ಲಿ ನುಸುಳಿ ಹೊರಬರುತ್ತದೆ. ಮುಂದೆ ದಾರಿ ತೋರುವುದು ಕಣಗಳನ್ನು ಸೆಳೆಯುವ ಸೈಟೊಕೈನ್‌ಗಳು, ಅಂದರೆ ಐಎಲ್-8ನಂಥ ಕೀಮೊಕೈನ್‌ಗಳು. ಎತ್ತ ಸಾಂದ್ರತೆ ಹೆಚ್ಚೋ ಅತ್ತ ನಡಿಗೆ, ಒಗ್ಗರಣೆ ಘಾಟು ಹಿಡಿದು ಅಡುಗೆಮನೆ ಹುಡುಕಿದ ಹಾಗೆ. ನನಗೆ ಸೋಜಿಗ ಅನಿಸುವುದು ಇದು: ಮೊದಲು ಬಂದ ನ್ಯೂಟ್ರೋಫಿಲ್‌ಗಳು ತಾವೇ ಲ್ಯೂಕೊಟ್ರೈಈನ್ ಬಿ4 ಎಂಬ ರಾಸಾಯನಿಕ ಬಿಟ್ಟು ದೂರದಲ್ಲಿರುವವನ್ನೂ ಕರೆಯುತ್ತವೆ. ಕೀವು ಅಂತೀವಲ್ಲ, ಅದರಲ್ಲಿ ಬಹಳಷ್ಟು ಹೀಗೆ ಬಂದು ಸತ್ತ ನ್ಯೂಟ್ರೋಫಿಲ್‌ಗಳೇ.