ಮುಚ್ಚಿಟ್ಟ ಭಾವವನ್ನು ಅಳೆಯಬಹುದೇ?

ಮಾನ್ಯರೇ,

ತಮ್ಮ ಮಗಳು ಲ್ಯಾಪ್‌ಟಾಪ್ ಎದುರು ಕುಳಿತು ಕೊಟ್ಟ ಉದ್ಯೋಗ ಸಂದರ್ಶನದಲ್ಲಿ ತಂತ್ರಾಂಶವೊಂದು ಆಕೆಯ ಮುಖವನ್ನು ಅಳೆದು 'ಆತಂಕವನ್ನು ಮರೆಮಾಚುತ್ತಿದ್ದಾರೆ' ಎಂದು ವರದಿ ಕೊಟ್ಟಿತೆಂದೂ, ಅಂದಿನಿಂದ ಆಕೆ ಕುಗ್ಗಿಹೋಗಿದ್ದಾಳೆಂದೂ ಬರೆದು, ಒಳಗಿನ ಭಾವವನ್ನು ಯಂತ್ರ ನಿಜಕ್ಕೂ ಅಳೆಯಬಲ್ಲದೇ ಎಂದು ಕೇಳಿದ್ದೀರಿ.

ಯಂತ್ರ ಅಳೆಯಬಲ್ಲದ್ದು ಸ್ನಾಯುಗಳ ಚಲನೆಯನ್ನು ಮಾತ್ರ. ಅಮೆರಿಕದ ಮನೋವಿಜ್ಞಾನಿಗಳಾದ ಪಾಲ್ ಎಕ್‌ಮನ್ ಮತ್ತು ವಾಲೇಸ್ ಫ್ರೀಸನ್ 1978ರಲ್ಲಿ ಪ್ರಕಟಿಸಿದ ಪದ್ಧತಿಯಲ್ಲಿ ಹುಬ್ಬು ಗಂಟಿಕ್ಕಿದರೆ 4, ಕೆನ್ನೆ ಮೇಲೆದ್ದರೆ 6, ತುಟಿಯ ಅಂಚು ಮೇಲಕ್ಕೆ ಎಳೆದುಕೊಂಡರೆ 12 ಎಂದು ಗುರುತು ಹಾಕಿ, ಪ್ರತಿಯೊಂದರ ತೀವ್ರತೆಯನ್ನು ಐದು ಹಂತಗಳಲ್ಲಿ ದಾಖಲಿಸುತ್ತಾರೆ. ಆ ಗುರುತುಗಳಲ್ಲಿ ಕೋಪವೂ ಇಲ್ಲ, ದುಃಖವೂ ಇಲ್ಲ. ಅವು ಆಮೇಲೆ ನಾವು ಮಾಡುವ ಊಹೆಗಳು.

ಅದುಮಿಟ್ಟ ಭಾವ ಹೊರಗೆ ಇಣುಕುವ ಸೂಕ್ಷ್ಮ ಮುಖಭಾವವು ಅರ್ಧ ಸೆಕೆಂಡೂ ನಿಲ್ಲುವುದಿಲ್ಲ. ಆದ್ದರಿಂದಲೇ ಚೀನಾದ ವಿಜ್ಞಾನ ಅಕಾಡೆಮಿಯವರು 2014ರಲ್ಲಿ ಪ್ರಕಟಿಸಿದ ಇಂಥ ಮುಖಭಾವಗಳ ಸಂಗ್ರಹಕ್ಕಾಗಿ ಸೆಕೆಂಡಿಗೆ 200 ಚಿತ್ರ ತೆಗೆಯುವ ಕ್ಯಾಮೆರಾ ಬಳಸಿದರು. ಮನ ಕಲಕುವ ದೃಶ್ಯಗಳನ್ನು ತೋರಿಸಿ, ಮುಖದಲ್ಲಿ ಏನನ್ನೂ ತೋರಗೊಡಬೇಡಿ ಎಂದು ಹೇಳಿ ಪಡೆದ ಸುಮಾರು 3,000 ಚಲನೆಗಳಲ್ಲಿ ಕೊನೆಗೆ ಆಯ್ಕೆಯಾದವು 247. ಪ್ರಯೋಗಾಲಯದ ಹದವಾದ ಬೆಳಕಿನಲ್ಲಿಯೇ ಹೀಗಿರುವಾಗ, ಮನೆಯ ಕೋಣೆಯಲ್ಲಿ ಸಾಧಾರಣ ಕ್ಯಾಮೆರಾ ಹಿಡಿದ ಚಿತ್ರವನ್ನು ನಂಬಿ ತೀರ್ಪು ಕೊಡುವುದು ನನಗೆ ಅನ್ಯಾಯವೆಂದೇ ತೋರುತ್ತದೆ. ಕೆನಡಾದಲ್ಲಿ ಸ್ಟೀಫನ್ ಪೋರ್ಟರ್ ಮತ್ತು ಲಿಯಾನ್ ಟೆನ್ ಬ್ರಿಂಕ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಂತೂ ಪರೀಕ್ಷಿಸಿದ 697 ಮುಖಭಾವಗಳ ಪೈಕಿ ಶೇ. 2ರಷ್ಟರಲ್ಲಿ ಮಾತ್ರ ಇಂಥ ಮಿಂಚು ಕಂಡಿತು, ಅದೂ ಮುಖದ ಮೇಲರ್ಧದಲ್ಲಿ ಅಥವಾ ಕೆಳಗರ್ಧದಲ್ಲಷ್ಟೇ.

ಇನ್ನು ಮುಚ್ಚಿಡುವುದರ ಅರ್ಥವೇನು? ನಾಟ್ಯಶಾಸ್ತ್ರವು ಹೇಳುವ 33 ವ್ಯಭಿಚಾರಿಭಾವಗಳಲ್ಲಿ, ಅಂದರೆ ಬಂದು ಹೋಗುವ ಅಲ್ಪಕಾಲದ ಭಾವಗಳಲ್ಲಿ, 'ಅವಹಿತ್ಥ' ಎಂಬುದೊಂದಿದೆ. ಒಳಗಿನದನ್ನು ಮರೆಸುವ ಆ ಭಾವಕ್ಕೆ ಕಪಟ ಮಾತ್ರವಲ್ಲ, ನಾಚಿಕೆ, ಭಯ, ಗೌರವಗಳೂ ಕಾರಣವೆಂದು ಅದು ಹೇಳುತ್ತದೆ. ಅಪರಿಚಿತ ಪರೀಕ್ಷಕರ ಮುಂದೆ ಅಳುಕನ್ನು ತಡೆದುಕೊಂಡು ಮಾತನಾಡಿದ ಹುಡುಗಿ ಧೈರ್ಯ ತೋರಿದ್ದಾಳೆ. ವರದಿ ಅದನ್ನೇ ದೋಷವೆಂದು ಬರೆದಿದೆ.

ಯುರೋಪಿಯನ್ ಒಕ್ಕೂಟದ 2024ರ ಕೃತಕ ಬುದ್ಧಿಮತ್ತೆ ಕಾಯ್ದೆಯು, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳನ್ನು ಬಿಟ್ಟು, ಕೆಲಸದ ಸ್ಥಳಗಳಲ್ಲಿಯೂ ಶಿಕ್ಷಣ ಸಂಸ್ಥೆಗಳಲ್ಲಿಯೂ ಭಾವಗಳನ್ನು ಊಹಿಸುವ ಯಂತ್ರಗಳನ್ನು ನಿಷೇಧಿಸಿದೆ. ಆ ಕಾಯ್ದೆ ತಮ್ಮ ಮಗಳ ನೆರವಿಗೆ ಬಾರದು. ಆದರೂ ಯಾವ ಚಲನೆಯನ್ನು ಅಳೆದಿರಿ, ಅದನ್ನು ಆತಂಕವೆಂದು ಹೇಗೆ ತೀರ್ಮಾನಿಸಿದಿರಿ, ಮನುಷ್ಯರೊಬ್ಬರು ಆ ಚಿತ್ರಣವನ್ನು ನೋಡಿದ್ದಾರೆಯೇ ಎಂದು ಆ ಕಂಪನಿಯನ್ನು ಆಕೆ ಪತ್ರ ಮುಖೇನ ಕೇಳಲಿ. ಉತ್ತರ ಬಂದರೆ ದಯವಿಟ್ಟು ನಮಗೂ ಕಳುಹಿಸಿ.

– ಸಂ.