ರಗ್ಬಿ ಲೀಗ್‌ನಲ್ಲಿ ಹಳೇ 'ಸೆಟ್ ಮೂವ್'ಗಳು ಈಗ ಯಾಕೆ ಕಾಣುವುದಿಲ್ಲ?

ರಗ್ಬಿ ಲೀಗ್ ಅಂದರೆ ತಂಡಕ್ಕೆ ಹದಿಮೂರು ಜನ ಆಡುವ ರಗ್ಬಿ. ಅದರ ಎಂಬತ್ತರ ದಶಕದ ವಿಡಿಯೊಗಳಲ್ಲಿ ಪೆನಾಲ್ಟಿ (ಎದುರಾಳಿಯ ತಪ್ಪಿಗೆ ಸಿಗುವ ಅವಕಾಶ) ಸಿಕ್ಕ ಕೂಡಲೇ ನಾಲ್ಕೈದು ಜನ ಗೋಡೆಯ ಹಾಗೆ ನಿಂತು ಚೆಂಡು ಮರೆಮಾಡುತ್ತಿದ್ದರು, ಈಗ ಎಲ್ಲ ತಂಡಗಳೂ ಒಂದೇ ಥರ ಆಡುತ್ತವೆ, ದಾಳಿಯಲ್ಲಿ ತಲೆ ಓಡಿಸುವುದೇ ಬಿಟ್ಟರಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ 'ಸೆಟ್ ಮೂವ್', ಅಂದರೆ ಮೊದಲೇ ಕಲಿತಿಟ್ಟ ಆಟ, ಈಗಲೇ ಜಾಸ್ತಿ. ಪೆನಾಲ್ಟಿ ಹೊತ್ತಿನಲ್ಲಿ ಮಾತ್ರ ಹುಡುಕಿದರೆ ಸಿಗುವುದಿಲ್ಲ.

ನಾನು ಜಮಖಂಡಿ ಕಡೆಯವನು. ಕಬಡ್ಡಿ ಆಡಿ ಬೆಳೆದೆ, ಈಗ ಸಂಜೆ ಊರ ಹುಡುಗರಿಗೆ ಕಲಿಸುತ್ತೇನೆ. ಅಣ್ಣ ಸಿಡ್ನಿಯಲ್ಲಿ ಇದ್ದಾನೆ, ಈ ಆಟದ ಹುಚ್ಚು ಹಿಡಿಸಿದ್ದು ಅವನೇ.

1966ರವರೆಗೆ ಎಷ್ಟು ಸಲ ಟ್ಯಾಕಲ್ (ಚೆಂಡು ಇದ್ದವನನ್ನು ಹಿಡಿದು ಕೆಡಹುವುದು) ಆದರೂ ಚೆಂಡು ಬಿಟ್ಟುಕೊಡಬೇಕಿರಲಿಲ್ಲ. ಅವಸರವೇ ಇಲ್ಲ. ಆಮೇಲೆ 4 ಟ್ಯಾಕಲ್ ಮಿತಿ ಬಂತು, 1970ರ ದಶಕದ ಆರಂಭದಲ್ಲಿ ಅದು 6 ಆಯಿತು. ಕಬಡ್ಡಿಯಲ್ಲಿ ಎರಡು ಖಾಲಿ ರೈಡ್ ಆದ ಮೇಲೆ ಮೂರನೆಯದರಲ್ಲಿ ಅಂಕ ತರಲೇಬೇಕು ಅಂದಾಗ ಆಟ ಬಿಸಿಯೇರಿತಲ್ವಾ, ಹಾಗೆ.

ಆದರೂ ಎದುರಾಳಿ ಸಾಲು 5 ಮೀಟರ್ ದೂರದಲ್ಲೇ ನಿಲ್ಲುತ್ತಿತ್ತು. ಚೆಂಡು ಕೈಗೆ ಬರುವಷ್ಟರಲ್ಲಿ ಮೈಮೇಲೆ ಬೀಳುತ್ತಿದ್ದರು. ಆಟ ನಿಂತು ಪೆನಾಲ್ಟಿ ಸಿಕ್ಕಾಗ ಮಾತ್ರ ಉಸಿರಾಡಲು ಜಾಗ. ಅದಕ್ಕೇ ಜಾಣತನವೆಲ್ಲ ಅಲ್ಲಿಗೆ ಹೋಗುತ್ತಿತ್ತು.

1993ರಲ್ಲಿ ಆ 5 ಮೀಟರ್ 10 ಆಯಿತು. ನನಗೆ ಇದಕ್ಕಿಂತ ದೊಡ್ಡ ಬದಲಾವಣೆ ಕಾಣುವುದಿಲ್ಲ. ಟ್ಯಾಕಲ್ ಆದವನು ಬೇಗ ಎದ್ದು ಚೆಂಡು ಹಿಂದಕ್ಕೆ ಬಿಟ್ಟರೆ, ಎದುರಾಳಿಗಳು ಇನ್ನೂ ಹಿಂದೆ ಓಡುತ್ತಲೇ ಇರುತ್ತಾರೆ. ಹಾಗಾಗಿ ಪ್ರತಿ ಟ್ಯಾಕಲ್ ಆದ ಮೇಲೂ ದಾಳಿ ಕಟ್ಟಬಹುದು. ರಕ್ಷಣೆಯವರು ಬಿದ್ದವನನ್ನು ಕುಸ್ತಿಯವರ ಹಾಗೆ ಅದುಮಿ ಹಿಡಿದು ತಡಮಾಡಲು ಕಲಿತರು. ಅದಕ್ಕೆ 2020ರಲ್ಲಿ ಆಸ್ಟ್ರೇಲಿಯಾದ ದೊಡ್ಡ ಲೀಗ್ ಆದ ಎನ್‌ಆರ್‌ಎಲ್, ಅಂಥ ತಪ್ಪಿಗೆ ಪೆನಾಲ್ಟಿ ಬದಲು ಆಟ ನಿಲ್ಲಿಸದೆ ಮತ್ತೆ 6 ಟ್ಯಾಕಲ್ ಕೊಡುವ ನಿಯಮ ತಂದಿತು. ಪೆನಾಲ್ಟಿಯೇ ಕಮ್ಮಿಯಾದ ಮೇಲೆ ಗೋಡೆ ಕಟ್ಟುವುದು ಯಾವಾಗ?

ಇನ್ನು 'ಒಂದೇ ಥರ' ಅನ್ನುವ ಮಾತು. ಹೊರಗಿನಿಂದ ಹಾಗೇ ಕಾಣುತ್ತದೆ, ಒಪ್ಪುತ್ತೇನೆ. ದಾಳಿ ನಡೆಸುವ ಆಟಗಾರ ಹಾಫ್‌ಬ್ಯಾಕ್, ಅವನ ಕೈಯಲ್ಲಿ ಚೆಂಡು. ಅವನದೇ ತಂಡದವನೊಬ್ಬ ಎದುರಾಳಿ ಸಾಲಿಗೆ ನೇರವಾಗಿ ನುಗ್ಗುತ್ತಾನೆ. ಅವನ ಬೆನ್ನ ಹಿಂದಿನಿಂದ ಇನ್ನೊಬ್ಬ, ಹೆಚ್ಚಾಗಿ ಫುಲ್‌ಬ್ಯಾಕ್ (ರಕ್ಷಣೆಯಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲುವವನು), ಹೊರಗಡೆ ಸುತ್ತಿ ಬರುತ್ತಾನೆ. ಹಾಫ್‌ಬ್ಯಾಕ್ ಮುಂದಿನವನಿಗೆ ಕೊಡಬಹುದು, ಹಿಂದಿನವನಿಗೆ ಕೊಡಬಹುದು, ತಾನೇ ಓಡಬಹುದು, ಒದೆಯಲೂಬಹುದು. ಮೆಲ್ಬರ್ನ್ ಸ್ಟಾರ್ಮ್ ತಂಡದಲ್ಲಿ ಕೂಪರ್ ಕ್ರಾಂಕ್ ಹೀಗೆ ಕಾಯುತ್ತಿದ್ದಾಗ, ಹಿಂದಿನಿಂದ ಬಿಲ್ಲಿ ಸ್ಲೇಟರ್ ಬರುತ್ತಿದ್ದ ವೇಗ ನೋಡಬೇಕಿತ್ತು. ಮುಂದೆ ಓಡಿದವನು ಎದುರಾಳಿಗೆ ಅಡ್ಡಬಿದ್ದು ತಡೆದರೆ ಟ್ರೈ (ಗೆರೆ ದಾಟಿ ಚೆಂಡು ನೆಲಕ್ಕೆ ಊರಿ ಪಡೆದ ಅಂಕ) ರದ್ದು. ವಿಡಿಯೊ ರೆಫರಿ ನಿಧಾನವಾಗಿ ತಿರುಗಿಸಿ ನೋಡುತ್ತಾರೆ. ಹಾಗಾಗಿ ಓಟದ ದಾರಿಗಳನ್ನು ಎಲ್ಲರೂ ಹೆಚ್ಚುಕಮ್ಮಿ ಒಂದೇ ಅಳತೆಯಲ್ಲಿ ಇಟ್ಟುಕೊಳ್ಳುತ್ತಾರೆ.

ಹಳೇ ಮೂವ್‌ನಲ್ಲಿ ಚೆಂಡು ಯಾರಿಗೆ ಅಂತ ಮೊದಲೇ ತೀರ್ಮಾನ ಆಗಿರುತ್ತಿತ್ತು. ಈಗ ಎದುರಿನವನ ಕಾಲು ನೋಡಿ ತೀರ್ಮಾನ. ನಮ್ಮ ಹುಡುಗರ ಕೈಗೆ ಫುಟ್‌ಬಾಲ್ ಕೊಟ್ಟು ಒಮ್ಮೆ ಮಾಡಿಸಿ ನೋಡಿದೆ. ಕಾರ್ನರ್ ಆಡುವ ಹುಡುಗ ಮುಂದೆ ನುಗ್ಗಿದವನ ಕಡೆ ಅರ್ಧ ಹೆಜ್ಜೆ ಇಟ್ಟ, ಅಷ್ಟರಲ್ಲಿ ಹೊರಗೆ ಬಾಗಿಲು ತೆರೆದಂಗಾಯಿತು. 'ಸರ್, ರೈಡರ್ ಬೋನಸ್ ಗೆರೆಗೆ ಕಾಲು ಚಾಚಿದಾಗ ನಮ್ಮ ಚೈನ್ ಹಿಂಗೇ ಒಡೀತದಲ್ರಿ' ಅಂದ. ಅವನಿಗೆ ಒಂದೇ ಸಲಕ್ಕೆ ಅರ್ಥವಾಗಿತ್ತು.

ಮುಂದಿನ ಪಂದ್ಯದಲ್ಲಿ ಚೆಂಡು ಬಿಡಿ. ಮೈದಾನದ ಅಂಚಿನಿಂದ ಎಣಿಸಿ ಮೂರನೇ ರಕ್ಷಣೆ ಆಟಗಾರನನ್ನೇ ಹತ್ತು ನಿಮಿಷ ನೋಡಿ. ಅವನು ಒಳಗೆ ಸರಿದಾಗ ಚೆಂಡು ಎಲ್ಲಿಗೆ ಹೋಯಿತು, ಹೊರಗೆ ಸರಿದಾಗ ಎಲ್ಲಿಗೆ ಹೋಯಿತು ಅಂತ ಬರೆದಿಟ್ಟುಕೊಳ್ಳಿ.